ಮೊದಲ ಎರಡು ಕ್ಷಣದ ಗಲಗಲ

ಫೆಬ್ರವರಿ ೧೧

ಅಪ್ಪ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅತ್ತಿಗೆಯೇ ಎತ್ತಿದರು. ಒಮ್ಮೆ ನೀವು ಸ್ನಾನಕ್ಕೆ ಹೋಗಿದ್ದಿರಂತೆ, ಒಮ್ಮೆ ಮಲಗಿದ್ದಿರಂತೆ. ಮೂರನೆಯ ಸಲ, "ಮಾವ ಇಲ್ಲೇ ಕೂತಿದ್ದಾರೆ ಕಣೇ, ಆದ್ರೆ ಫೋನ್ ಬೇಡ್ವಂತೆ. ಏನಿದ್ರೂ ಕಾಗದ ಬರೀಬೇಕಂತೆ" ಅಂದರು. ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳಿದರೆ ಕಿಟಕಿಯ ಹಿಂದಿದ್ದಾಕೆ ನನ್ನ ಮುಖ ಒಮ್ಮೆ, ಹೆಗಲ ಮೇಲಿದ್ದ ಮಗುವಿನ ಮುಖ ಒಮ್ಮೆ ನೋಡಿ, "ಕೋರ್ಟಿಗಾ?" ಅಂತ ಕೇಳಿದಳು. ಅಪ್ಪನಿಗೆ ಅಂದೆ.

ನಾನು ಕೆಲಸ ಬಿಟ್ಟದ್ದಕ್ಕೆ ನಿಮಗೆ ಇನ್ನೂ ಸಿಟ್ಟಿದೆ ಎಂದು ಗೊತ್ತು. ಓವರ್‌ಟೈಮ್ ಮಾಡಿ ಮಾಡಿ ಓದಿಸಿದಿರಿ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತದ್ದನ್ನು ಬಂದು ನೋಡಿಕೊಂಡೂ ಹೋದಿರಿ. ಆದರೆ ನಾನು ಪೂರ್ತಿ ಬಿಟ್ಟಿಲ್ಲ ಅಪ್ಪ. ಜುಲೈ ಕೊನೆಯ ತನಕ ನನ್ನ ಜಾಗ ಇಟ್ಟುಕೊಂಡಿರುತ್ತೇವೆ ಎಂದು ಲ್ಯಾಬಿನ ಮೇಡಂ ಬರೆದುಕೊಟ್ಟಿದ್ದಾರೆ. ಮಗುವನ್ನು ನೋಡಿಕೊಳ್ಳುವ ಶಿಶುವಿಹಾರವೊಂದನ್ನೂ ನೋಡಿಟ್ಟಿದ್ದೇನೆ. ಆರು ತಿಂಗಳ ಶುಲ್ಕ ಮುಂಗಡ ಕೇಳುತ್ತಾರೆ. ಅದನ್ನು ನನ್ನ ಉಳಿತಾಯದಲ್ಲಿ ಬೇರೆಯಾಗಿ ತೆಗೆದಿಟ್ಟಿದ್ದೇನೆ, ಮುಟ್ಟಿಲ್ಲ.

ಇನ್ನು ಅಸಲು ವಿಷಯ. ಇವರು ಕಾರು ಕೊಂಡರು. ಹೊಸದಲ್ಲ. ಹನ್ನೊಂದು ವರ್ಷದ ಹಳೆಯದು, ಇಬ್ಬರ ಕೈ ದಾಟಿ ಬಂದದ್ದು. ಆದರೆ ಹೊಸದಿದ್ದಾಗ ಮಂತ್ರಿಗಳು ಓಡಾಡುತ್ತಿದ್ದಂಥ ಕಾರು. ಕಪ್ಪು ಬಣ್ಣ, ಚರ್ಮದ ಸೀಟು, ಹಿಂದೆ ಕೂತವರ ಕಾಲಿಗೂ ಬೇರೆ ಗಾಳಿ. ಒಂದು ಹೊಸ ಚಿಕ್ಕ ಕಾರಿನ ಬೆಲೆಗೆ ಇದು ಸಿಕ್ಕಿತು ಎಂದು ಇವರಿಗೆ ಹಿಗ್ಗೋ ಹಿಗ್ಗು. "ಮನೆ ತೋರಿಸೋನು ಸ್ಕೂಟರಿನಲ್ಲಿ ಬಂದ್ರೆ ಯಾರೂ ದೊಡ್ಡ ಮನೆ ಕೇಳಲ್ಲ. ಕೀ ನೋಡ್ತಾರೆ, ಆಮೇಲೆ ಮುಖ ನೋಡ್ತಾರೆ" ಅನ್ನುತ್ತಾರೆ. ಸ್ಕೂಟರ್ ಮಾರಿದರು, ಉಳಿದದ್ದಕ್ಕೆ ಮೂರು ವರ್ಷದ ಕಂತು. ನಮ್ಮ ಓಣಿಯಲ್ಲಿ ಅದು ನಿಂತರೆ ಮೂತಿ ನಮ್ಮ ಬಾಗಿಲಿಗೆ, ಬಾಲ ಪಕ್ಕದ ಟೈಲರ್ ಬಾಗಿಲಿಗೆ. "ಬಾಲದ ಬಾಡಿಗೆ ನನಗೆ ಕೊಡಿ ತಾಯಿ" ಎಂದು ಟೈಲರ್ ದಿನಾ ನಗುತ್ತಾರೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಐದು ತಿಂಗಳಿಂದ ನಾನು ಒಂದು ಗಂಟೆ ಸೇರಿಸಿ ಮಲಗಿಲ್ಲ. ಪುಟ್ಟ ತೊಟ್ಟಿಲಲ್ಲಿ ಮಲಗುವುದಿಲ್ಲ, ಮಡಿಲಲ್ಲಿ ಮಲಗುವುದಿಲ್ಲ. ಈ ಕಾರಿನಲ್ಲಿ ಮಲಗುತ್ತಾನೆ. ಎಂಜಿನ್ ಶುರುವಾಗಿ ಓಣಿಯ ತಿರುವು ದಾಟುವಷ್ಟರಲ್ಲಿ ಅವನ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಇವರು ಸುತ್ತಿಸುತ್ತಾರೆ. ಪೆಟ್ರೋಲ್ ಲೆಕ್ಕದಲ್ಲಿ ಇವನ ಹಾಲಿಗಿಂತ ನಿದ್ದೆಯೇ ದುಬಾರಿ.

ಆದರೆ ಕಾರು ಸದ್ದು ಮಾಡುತ್ತದೆ ಅಪ್ಪ. ಒಂದಲ್ಲ, ಬಗೆಬಗೆಯದು. ನೀವು ಒಮ್ಮೆ ಬಂದು ಕಿವಿ ಕೊಡಿ. ಒಂದೇ ಒಂದು ಸಲ.

ನಿಮ್ಮ ಮಗಳು


ಫೆಬ್ರವರಿ ೨೦

ಹಾರ್ನಮ್ಮನಿಗೆ,

ಕಾಗದ ಸೇರಿತು. ಸಿಟ್ಟು ಗಿಟ್ಟು ಏನೂ ಇಲ್ಲ. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಫೋನಿನಲ್ಲಿ ಯಂತ್ರದ ಸದ್ದು ಸುಳ್ಳು ಹೇಳುತ್ತದೆ, ಅದಕ್ಕೇ ಬೇಡ ಅಂದೆ.

ವರ್ಕ್‌ಶಾಪಿನ ನಿಯಮ ನಿನಗೆ ಮರೆತಿಲ್ಲವಷ್ಟೆ. ಡ್ರೈವರ್ ಬಂದು ಬಸ್ಸು ಕೆಟ್ಟಿದೆ ಅಂದರೆ ನಾನು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಬಾಯಲ್ಲಿ ಮಾಡಿ ತೋರಿಸು ಅನ್ನುತ್ತಿದ್ದೆ. ಮೀಸೆ ಹೊತ್ತ ಗಂಡಸರು ಇಪ್ಪತ್ತು ಜನರ ಮುಂದೆ ನಿಂತು ಬುರ್ರ್ ಕಟಕಟ ಅನ್ನಬೇಕಾಗುತ್ತಿತ್ತು. ಬಾಯಲ್ಲಿ ಮಾಡಲು ಬಾರದವನಿಗೆ ಸದ್ದು ಕೇಳಿಸಿಯೇ ಇಲ್ಲ ಎಂದರ್ಥ. ನೀನು ಐದನೇ ವಯಸ್ಸಿಗೇ ನಮ್ಮ ಶೆಡ್ಡಿನ ಹದಿನಾಲ್ಕು ಬಸ್ಸುಗಳನ್ನೂ ಬಾಯಲ್ಲಿ ಓಡಿಸುತ್ತಿದ್ದೆ.

ಈಗ ಕಾಗದದ ಮೇಲೆ ಮಾಡಿ ತೋರಿಸು. ಯಾವ ಸದ್ದು, ಯಾವಾಗ, ಎಲ್ಲಿಂದ. ಅಳಿಯಂದಿರ ಮಾತು ಬರೆಯಬೇಡ. ಕಾರಿನ ಮಾತು ಮಾತ್ರ ಬರೆ.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅಣ್ಣನ ಮನೆ ತುಂಬ ಶಾಂತವಾಗಿದೆ. ಪೇಪರ್ ಓದಲು ಅನುಕೂಲ.

ಅಪ್ಪ


ಮಾರ್ಚ್ ೬

ಅಪ್ಪ,

ಅಣ್ಣನ ಅವಳಿಗಳಿರುವ ಮನೆ ಶಾಂತವಾಗಿದೆಯೇ? ಆ ಪಿಶಾಚಿಗಳಿಗೆ ಏನು ತಿನ್ನಿಸುತ್ತಾರೆ ಅತ್ತಿಗೆ, ನನಗೂ ಹೇಳಲಿ.

ಸದ್ದುಗಳನ್ನು ಬರೆಯುತ್ತೇನೆ. ಮೂರು ದಿನ ಕೂತು ಕೇಳಿದ್ದೇನೆ. ನಿದ್ದೆಗೆಟ್ಟವಳ ಕಿವಿ ಬಹಳ ಚುರುಕು, ಪಕ್ಕದ ಮನೆಯ ಟೈಲರ್ ದಾರ ಕಚ್ಚಿ ತುಂಡು ಮಾಡುವುದೂ ಕೇಳಿಸುತ್ತದೆ.

ಕಾರು ನಿಲ್ಲಿಸಿ ಕೀ ತೆಗೆದ ಮೇಲೆ ಹಿಂದಿನ ಎಡಚಕ್ರದ ಕಡೆಯಿಂದ ಸ್ಸ್ಸ್ ಎಂದು ಬರುತ್ತದೆ. ತೇಗಿ ಮುಗಿಸಿದವರ ಉಸಿರಿನಂತೆ, ಸಣ್ಣಗೆ. ಈ ಕಾರಿಗೆ ಸ್ಪ್ರಿಂಗ್ ಇಲ್ಲವಂತೆ, ಗಾಳಿಯ ಚೀಲಗಳ ಮೇಲೆ ಕೂತಿರುತ್ತದಂತೆ. ಬೆಳಗಾಗುವಷ್ಟರಲ್ಲಿ ಹಿಂದಿನ ಎಡಮೂಲೆ ಕುಸಿದಿರುತ್ತದೆ, ಒಂದು ಕಾಲು ನೋಯುವ ಎಮ್ಮೆ ಕೂತಂತೆ. ನಾನು ದಿನಾ ಬೆಳಿಗ್ಗೆ ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಬೆರಳಿಟ್ಟು ಅಳೆಯುತ್ತೇನೆ. ಮೊದಲು ನಾಲ್ಕು ಬೆರಳು ಹೋಗುತ್ತಿತ್ತು. ಈಗ ಒಂದೂವರೆ. ಮಗುವಿನ ಉಸಿರು ಎಣಿಸುತ್ತೇನೆ, ಆಮೇಲೆ ಎದ್ದು ಹೋಗಿ ಕಾರಿನ ಬೆರಳು ಎಣಿಸುತ್ತೇನೆ. ಇವರು ನೋಡಿ, "ನಿನಗೆ ಹುಚ್ಚು ಹಿಡೀತಾ ಇದೆ" ಅಂದರು, ನಗುತ್ತಲೇ. ನಾನೂ ನಕ್ಕೆ.

ಎರಡನೆಯದು, ಗೇರ್ ಎರಡರಿಂದ ಮೂರಕ್ಕೆ ಹೋಗುವಾಗ ಡುಮ್ ಎಂದು ಹಿಂದಿನಿಂದ ಒದ್ದಂತೆ.

ಮೂರನೆಯದು ಬೆಳಿಗ್ಗೆ ಮೊದಲ ಸಲ ಎಂಜಿನ್ ಶುರು ಮಾಡಿದಾಗ ಬರುವುದು. ಗಲಗಲ ಗಲಗಲ. ಪುಟ್ಟನ ಗಿಲಕಿಯಲ್ಲಿ ಕಾಳಿಗೆ ಬದಲು ಮೊಳೆ ತುಂಬಿದಂತೆ. ಮೊದಲ ಎರಡು ಕ್ಷಣ ಅಷ್ಟೇ. ಆಮೇಲೆ ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತದೆ. ದಿನವಿಡೀ ಮತ್ತೆ ಬರುವುದಿಲ್ಲ. ವಿಚಿತ್ರವೆಂದರೆ ಆ ಗಲಗಲ ಕೇಳಿದೊಡನೆ ಪುಟ್ಟ ಅಳು ನಿಲ್ಲಿಸುತ್ತಾನೆ. ಈಗ ನಿದ್ದೆ ಬರುತ್ತದೆ ಎಂದು ಅವನಿಗೆ ಅದೇ ಸುಳಿವು.

ಇನ್ನೂ ಒಂದಿದೆ. ಮುಂದಿನ ಬಲ ದೀಪದೊಳಗೆ ನೀರು ನಿಂತಿದೆ. ಅದು ಸದ್ದು ಮಾಡುವುದಿಲ್ಲ, ದುಡ್ಡು ಮಾತ್ರ ಕೇಳುತ್ತದೆ. ಒಂದು ದೀಪಕ್ಕೆ ಒಂದೂವರೆ ತಿಂಗಳ ಮನೆ ಬಾಡಿಗೆ.

ನಿಮ್ಮ ಮಗಳು


ಮಾರ್ಚ್ ೧೭

ಹಾರ್ನಮ್ಮನಿಗೆ,

ಚೆನ್ನಾಗಿ ಬರೆದಿದ್ದೀ. ಗಾಳಿಚೀಲ ಹರಿದಿದೆ, ಅದು ಕುರುಡನಿಗೂ ಕಾಣುತ್ತದೆ. ಹಾಕಿಸಲೇಬೇಕು, ಇಲ್ಲದಿದ್ದರೆ ಗಾಳಿ ತುಂಬುವ ಪಂಪು ದಿನವಿಡೀ ದುಡಿದು ಸುಟ್ಟುಹೋಗುತ್ತದೆ. ಗೇರಿನ ಒದೆತಕ್ಕೆ ಎಣ್ಣೆ ಬದಲಿಸಿ ನೋಡಲಿ.

ಗಲಗಲದ ಬಗ್ಗೆ ಚಿಂತೆ ಬೇಡ. ಸೈಲೆನ್ಸರ್ ಮೇಲೆ ಶಾಖ ತಡೆಯಲು ಒಂದು ತಗಡು ಇರುತ್ತದೆ, ಅದರ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿರುತ್ತದೆ. ನಮ್ಮ ಹದಿನಾಲ್ಕರಲ್ಲಿ ಒಂಬತ್ತು ಬಸ್ಸು ಹಾಗೇ ಗಲಗಲ ಅನ್ನುತ್ತ ಊರೂರು ತಿರುಗಿದವು. ಒಂದು ತಂತಿ ಕಟ್ಟಿದರೆ ಸಾಕು. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡ.

ಶಿಶುವಿಹಾರದ ದುಡ್ಡು ಮುಟ್ಟಬೇಡ. ಅದನ್ನು ಮುಟ್ಟಿದರೆ ಕೆಲಸ ಹೋಯಿತು ಎಂದೇ ತಿಳಿ.

ಅಪ್ಪ


ಏಪ್ರಿಲ್ ೨೪

ಅಪ್ಪ,

ಮುಟ್ಟಿದೆ.

ಗಾಳಿಚೀಲಕ್ಕೆ ಅರ್ಧ ಹೋಯಿತು. ಚೀಲ ಹಾಕಿದ ವಾರಕ್ಕೆ, ನೀವು ಹೇಳಿದಂತೆಯೇ, ಪಂಪು ಸುಟ್ಟುಹೋಗಿತ್ತು. ತಡ ಮಾಡಿದ್ದೆವು. ಅದಕ್ಕೆ ಉಳಿದರ್ಧದಲ್ಲಿ ಅರ್ಧ. ಒಂದು ಭಾಗ ಬಿಚ್ಚಿದರೆ ಅದರ ಪಕ್ಕದ್ದು ಪುಡಿಯಾಗುತ್ತದೆ. ಹನ್ನೊಂದು ವರ್ಷದ ಪ್ಲಾಸ್ಟಿಕ್ಕು, ಹಪ್ಪಳದಂತೆ ಮುರಿಯುತ್ತದೆ. ಕಾರಿನ ಬೆಲೆ ಬಿದ್ದುಹೋಗಿದೆ, ಆದರೆ ಬಿಡಿಭಾಗಗಳಿಗೆ ಅದು ಇನ್ನೂ ಗೊತ್ತಾಗಿಲ್ಲ. ಅವು ಮಂತ್ರಿಗಳ ಬೆಲೆಯಲ್ಲೇ ಇವೆ.

ಇವರು ಕೊನೆಗೂ ಮಾರಲು ಒಪ್ಪಿದ್ದಾರೆ. ಒಬ್ಬ ಹಲ್ಲಿನ ಡಾಕ್ಟರಿಗೆ ಆಸೆ ಬಿದ್ದಿದೆ. ಮುಂದಿನ ತಿಂಗಳು ಎರಡನೇ ಭಾನುವಾರ ಬಂದು ಓಡಿಸಿ ನೋಡುತ್ತಾರಂತೆ. ಅವರು ಕೊಡುವ ದುಡ್ಡಿನಲ್ಲಿ ಕಂತೆಲ್ಲ ತೀರಿ, ಶಿಶುವಿಹಾರದ ಮುಂಗಡವೂ ವಾಪಸು ಬರುತ್ತದೆ. ನಾನು ಜುಲೈಗೆ ಮುಂಚೆ ಲ್ಯಾಬಿಗೆ ಹೋಗಬಹುದು. ಇದೊಂದು ದಾರಿ ಬಿಟ್ಟರೆ ಬೇರೆ ಇಲ್ಲ.

ಈಗ ಕೇಳಿ. ಗ್ಯಾರೇಜಿನ ಕನ್ನಡಕದ ಮೇಸ್ತ್ರಿ ಗಲಗಲ ಕೇಳಿದ ಕೂಡಲೇ ಬಾನೆಟ್ ಮುಚ್ಚಿಬಿಟ್ಟರು. "ಅಮ್ಮಾ, ಇದು ತಗಡಲ್ಲ. ಒಳಗಿನ ಚೈನು. ಸಡಿಲ ಆಗಿದೆ. ಎಣ್ಣೆ ಏರೋ ತನಕ ಬಡ್ಕೊಳ್ಳುತ್ತೆ, ಏರಿದ ಮೇಲೆ ಸುಮ್ಮನಾಗುತ್ತೆ. ಒಂದಿನ ಹಲ್ಲು ಹಾರಿದ್ರೆ ಎಂಜಿನ್ನೇ ಇಲ್ಲ" ಅಂದರು. ಮೂರು ತಿಂಗಳ ಬಾಡಿಗೆಯಷ್ಟು ಕೇಳಿದರು. ನನ್ನ ಹತ್ತಿರ ಉಳಿದಿರುವುದು ಸರಿಯಾಗಿ ಅಷ್ಟೇ.

ನಾನು, "ನಮ್ಮಪ್ಪ ತಗಡು ಅಂದಿದ್ದಾರೆ" ಅಂದೆ.

"ನಿಮ್ಮಪ್ಪ ಯಾರು?"

"ಬಸ್ ವರ್ಕ್‌ಶಾಪಿನ ಕಿವಿ ಮೇಸ್ತ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಿವಿ ಮೇಸ್ತ್ರಿ ಮಗಳಾ ನೀವು? ಅವರು ಕೇಳಿ ಹೇಳಿದ್ರೆ ನಾನು ಮಾತಾಡಲ್ಲ ತಾಯಿ" ಅಂದು ಕೈ ಮುಗಿದರು. ಇವರು ಹೊರಗೆ ಬಂದ ಮೇಲೆ, "ನಿಮ್ಮಪ್ಪಂದು ಬಸ್ಸಿನ ಕಿವಿ. ಕಾರು ಕೇಳಿಸುತ್ತೋ ಇಲ್ವೋ" ಅಂತ ಚುಚ್ಚಿದರು.

ನೀವು ಕೇಳಿಲ್ಲ ಅಪ್ಪ. ನನ್ನ ಅಕ್ಷರ ಓದಿದ್ದೀರಿ ಅಷ್ಟೇ. ಹೋದ ವಾರ ಫೋನನ್ನು ಎಂಜಿನ್ ಪಕ್ಕ ಹಿಡಿದೆ, ಅತ್ತಿಗೆ ಆ ಕಡೆ ನಿಮ್ಮ ಕಿವಿಗೆ ಹಿಡಿದರು. ನಾನು ಮಾತಾಡಿದ್ದಕ್ಕೂ ಹೂಂ ಅಂದಿರಿ, ಎಂಜಿನ್ನಿಗೂ ಹೂಂ ಅಂದಿರಿ, ಎಲ್ಲ ಮುಗಿದು ಸುಮ್ಮನಾದ ಮೇಲೂ ಹೂಂ ಅಂದಿರಿ. ಡಾಕ್ಟರು ಬರುವ ಮುಂಚೆ ಬನ್ನಿ. ಮಂಡಿಗೆ ಆಟೋ ಮಾಡಿಸುತ್ತೇನೆ.

ನಿಮ್ಮ ಮಗಳು


ಮೇ ೨

ಹಾರ್ನಮ್ಮನಿಗೆ,

ಎರಡನೇ ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಶನಿವಾರ ಬೆಳಿಗ್ಗೆ ತಣ್ಣಗಿರುವಾಗ ನೋಡೋಣ. ನಿಲ್ದಾಣಕ್ಕೆ ಬಂದು ನನ್ನ ಎದುರಿಗೇ ನಿಲ್ಲು. ಹಿಂದಿನಿಂದ ಕೂಗಬೇಡ, ಜನಜಂಗುಳಿ.

ಅಪ್ಪ


ಮೇ ೩೦

ಅಪ್ಪ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಈಗ ಬರೆಯುವುದನ್ನು ಓದದೆಯೇ ಅಂಟಿಸುತ್ತೇನೆ.

ಅವತ್ತು ಬೆಳಿಗ್ಗೆ ನೀವು ಚೀಲದಿಂದ ಆ ಹಳೆಯ ಸುತ್ತಿಗೆಯ ಹಿಡಿ ತೆಗೆದಿರಿ. ನಲವತ್ತು ವರ್ಷ ನಿಮ್ಮ ಕಿವಿಗೆ ಒತ್ತಿ ಒತ್ತಿ ಒಂದು ತುದಿ ನುಣ್ಣಗಾದದ್ದು. ಇವರು ನಿಮ್ಮ ಹಿಂದೆ ನಿಂತು, "ಏನ್ ಮಾವ, ಸ್ಟೆತಾಸ್ಕೋಪ್ ಜೊತೆಗೇ ಬಂದಿದ್ದೀರಾ?" ಅಂದರು. ತಮಾಷೆಗೆ ಅಂದದ್ದು. ನೀವು ತಿರುಗಲಿಲ್ಲ. ಇವರ ಮುಖ ಸಣ್ಣದಾಯಿತು. ಮಾವನಿಗೆ ತನ್ನ ಮೇಲೆ ಇನ್ನೂ ಅಸಮಾಧಾನ ಅಂದುಕೊಂಡರು ಪಾಪ.

ಇವರು ಹೋಗಿ ಕೀ ತಿರುಗಿಸಿದರು. ಗಲಗಲ ಶುರುವಾಯಿತು. ಮಾರ್ಚಿನಲ್ಲಿ ಎರಡು ಕ್ಷಣವಿದ್ದದ್ದು ಈಗ ಆರೇಳು ಕ್ಷಣ. ಎದುರು ಮನೆಯ ಕಿಟಕಿ ತೆರೆಯಿತು. ಟೈಲರ್ ಅಳತೆಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಹೊರಗೆ ಬಂದರು. ನೀವು ಕಣ್ಣು ಮುಚ್ಚಿ, ಹಿಡಿಯ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ನಿಂತಿದ್ದಿರಿ. ಚಿಕ್ಕಂದಿನಲ್ಲಿ ಶೆಡ್ಡಿನಲ್ಲಿ ನೋಡುತ್ತಿದ್ದೆನಲ್ಲ, ಹಾಗೆಯೇ. ಅಪ್ಪ ಬಂದರು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಆಗ ಪುಟ್ಟ ಮೆಟ್ಟಿಲ ಮೇಲಿನ ಚಾಪೆಯಿಂದ ಉರುಳಿದ.

ನಿಮ್ಮಿಂದ ಎರಡು ಹೆಜ್ಜೆ ಹಿಂದೆ. ಬಿದ್ದ ಸದ್ದಿಗೆ ಇವರು ಕಾರಿನಿಂದ ಹಾರಿ ಬಂದರು. ಅವನ ಚೀರಾಟಕ್ಕೆ ಟೈಲರ್ ಓಡಿಬಂದರು, ಎದುರು ಮನೆಯಾಕೆ "ಅಯ್ಯೋ ಮಗು!" ಎಂದು ಕೂಗಿದಳು. ನೀವು ಕದಲಲಿಲ್ಲ. ಕಣ್ಣು ಮುಚ್ಚಿಯೇ ಇದ್ದಿರಿ, ತಲೆ ಸ್ವಲ್ಪ ವಾಲಿಸಿ, ಏನನ್ನೋ ಬಹಳ ಗಮನವಿಟ್ಟು ಕೇಳುತ್ತಿರುವವರ ಹಾಗೆ. ನಾನು ಎತ್ತಿಕೊಂಡ ಮೇಲೂ ಅವನು ಅಳುತ್ತಲೇ ಇದ್ದ. ಕಣ್ಣು ಬಿಟ್ಟವರೇ ನನ್ನ ಕಡೆ ನೋಡಿ, "ತಗಡೇ" ಅಂದಿರಿ. ಆಮೇಲೆ ನನ್ನ ಕಂಕುಳಲ್ಲಿ ಅಳುತ್ತಿದ್ದ ಮಗುವನ್ನು ಕಂಡು ನಿಮಗೆ ಗಾಬರಿಯಾಯಿತು. "ಯಾಕೆ, ಏನಾಯ್ತು ಇವನಿಗೆ?"

ಎಲ್ಲವೂ ಒಮ್ಮೆಗೇ ಅರ್ಥವಾಯಿತು ಅಪ್ಪ. ಫೋನು, ಹೂಂ, ಅಣ್ಣನ ಶಾಂತವಾದ ಮನೆ, ಎದುರಿಗೇ ನಿಲ್ಲು ಎಂದದ್ದು.

ಇವರು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹಾಗಾದ್ರೆ ಮಾರಬಹುದಾ ಮಾವ? ನಾಳೆ ಡಾಕ್ಟರು ಬರ್ತಾರೆ" ಅಂದರು. ನೀವು ನನ್ನ ಮುಖ ನೋಡಿದಿರಿ. ನಾನು ಒಂದು ಕೆಲಸ ಮಾಡಿದೆ. ದನಿ ಹೊರಡಿಸದೆ, ಬರೀ ತುಟಿ ಆಡಿಸಿ, "ಮಾರಬಹುದಾ ಅಂತ ಕೇಳ್ತಿದ್ದಾರೆ" ಅಂದೆ. ಉಸಿರು ಸಹ ಬಿಡಲಿಲ್ಲ. ನೀವು ತಕ್ಷಣ, "ಓಹೋ, ಧಾರಾಳವಾಗಿ" ಅಂದಿರಿ.

ಅಲ್ಲಿಯೇ ಹೇಳಬೇಕಿತ್ತು. ಕನ್ನಡಕದ ಮೇಸ್ತ್ರಿಯ ಗ್ಯಾರೇಜು ಎರಡು ಬೀದಿ ಆಚೆ. ಚೈನು ಹಾಕಿಸುವಷ್ಟು ದುಡ್ಡು ಇನ್ನೂ ಬ್ಯಾಂಕಿನಲ್ಲಿತ್ತು. ಡಾಕ್ಟರಿಗೆ ಒಂದು ವಾರ ತಡ ಎಂದರೆ ಮುಗಿಯುತ್ತಿತ್ತು. ಆದರೆ ಇವರು ಪಕ್ಕದಲ್ಲೇ ನಿಂತಿದ್ದರು, ಟೈಲರ್ ನಿಂತಿದ್ದರು, ಅವರ ಮುಂದೆ ಕಿವಿ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಹೇಗೆ ಹೇಳಲಿ? ಇದು ಅರ್ಧ ಸತ್ಯ. ಉಳಿದರ್ಧ ಇನ್ನೂ ಕೆಟ್ಟದ್ದು. ಕೆಡುವುದಿದ್ದರೆ ಡಾಕ್ಟರ ಕೈಯಲ್ಲಿ ಕೆಡಲಿ, ಅವರಿಗೇನು, ಹಲ್ಲು ಕಿತ್ತು ಸಂಪಾದಿಸುತ್ತಾರೆ ಅಂದುಕೊಂಡೆ. ರಕ್ತದ ಬಾಟಲಿಯ ಮೇಲೆ ಒಂದು ಹೆಸರು ತಪ್ಪಿದರೆ ಅದನ್ನು ಸರಿಪಡಿಸದೆ ಮೇಜಿನಿಂದ ಏಳದಿದ್ದವಳು ನಾನು.

ನಿಮ್ಮನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಡುವಾಗ ಎರಡನೇ ಗೇರ್ ಬೀಳದೆ ಕರ್ರೆಂದು ಇಡೀ ನಿಲ್ದಾಣಕ್ಕೆ ಕೇಳಿಸಿತು. ಹಿಂದಿನ ಅಪ್ಪ ಆಗಿದ್ದರೆ ಎದ್ದು ಹೋಗಿ ಡ್ರೈವರನ ಕಿವಿ ಹಿಂಡುತ್ತಿದ್ದರು. ನೀವು ಕಿಟಕಿಯಲ್ಲಿ ನಗುತ್ತ ನನಗೆ ಕೈ ಬೀಸುತ್ತಲೇ ಇದ್ದಿರಿ.

ಭಾನುವಾರ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಪುಟ್ಟನಿಗೆ ರಬ್ಬರ್ ಆನೆ ತಂದಿದ್ದರು. ಹಿಂದಿನ ಸೀಟಿನಲ್ಲಿ ನಾನು, ಪುಟ್ಟ. ಅವನು ತಿರುವಿನಲ್ಲೇ ಮಲಗಿದ. ರೈಲ್ವೆ ಸೇತುವೆಯ ಏರಿನಲ್ಲಿ ಡಾಕ್ಟರು ಆಕ್ಸಿಲರೇಟರನ್ನು ಜೋರಾಗಿ ಒತ್ತಿದರು. ಒಂದೇ ಒಂದು ಸಲ ಟಕ್ ಎಂದಿತು. ಆಮೇಲೆ ಏನೂ ಇಲ್ಲ. ಎಂಜಿನ್ ನಿಂತದ್ದಕ್ಕೆ ಬ್ರೇಕು ಕಲ್ಲಿನಂತೆ ಬಿಗಿದಿತ್ತು, ಕಾರು ಏರಿನಿಂದ ಹಿಂದಕ್ಕೆ ಜಾರಲು ತೊಡಗಿತು, ಲಾರಿಯೊಂದು ಹಾರ್ನ್ ಮಾಡುತ್ತ ಪಕ್ಕಕ್ಕೆ ಸರಿಯಿತು. ಇವರು ಮುಂದಿನ ಸೀಟಿನಿಂದ ಹ್ಯಾಂಡ್‌ಬ್ರೇಕ್ ಹುಡುಕುತ್ತಿದ್ದರು. ಈ ಕಾರಿನಲ್ಲಿ ಅದು ಒಂದು ಗುಂಡಿ, ಎಲ್ಲಿದೆ ಎಂದು ಗಾಬರಿಯಲ್ಲಿ ಕಾಣಲಿಲ್ಲ. ಹಿಂದಿನ ಚಕ್ರ ಕಾಲುದಾರಿಯ ಕಲ್ಲಿಗೆ ತಗುಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪುಟ್ಟನಿಗೆ ಎಚ್ಚರವಾಯಿತು, ಅಷ್ಟೆ.

ಡಾಕ್ಟರು ಬೈಯಲಿಲ್ಲ. "ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು. ಇವರು ಮಗುವಿನ ತಲೆಯ ಮೇಲೆ ಕೈಯಿಟ್ಟು, "ದೇವರಾಣೆ ಇಲ್ಲ ಸಾರ್" ಅಂದರು. ನೀವು ಕೇಳಿ ಹೇಳಿದ ಮೇಲೆ ಅವರು ಮೇಸ್ತ್ರಿಯ ಚೈನಿನ ಮಾತು ಬಿಟ್ಟು, ನಿಜವಾಗಿಯೂ ತಗಡೆಂದೇ ನಂಬಿದ್ದರು. ಡಾಕ್ಟರು ನನ್ನನ್ನು ಕೇಳಲಿಲ್ಲ.

ಚೈನು ಹಾರಿ ಒಳಗಿನ ವಾಲ್ವುಗಳೆಲ್ಲ ಬಗ್ಗಿವೆ. ಹೊಸ ಎಂಜಿನ್ನಿಗೆ ಕಾರು ಕೊಂಡದ್ದಕ್ಕಿಂತ ಹೆಚ್ಚು. ಗುಜರಿಗೆ ಹಾಕೋಣವೆಂದರೆ ಕಾಗದಪತ್ರ ಸಾಲ ಕೊಟ್ಟವರ ಹತ್ತಿರ ಇದೆ, ಕಂತು ತೀರುವ ತನಕ ಕೊಡುವುದಿಲ್ಲ. ಮೂವತ್ತೆರಡು ಕಂತು. ಉಳಿದ ದುಡ್ಡು ಅದಕ್ಕೇ ಹೋಗುತ್ತಿದೆ.

ಕನ್ನಡಕದ ಮೇಸ್ತ್ರಿ, "ಕಿವಿ ಮೇಸ್ತ್ರಿ ತಪ್ಪಿದ್ದು ಇದೇ ಮೊದಲು" ಅಂದರು. ಹೌದೆಂದು ತಲೆ ಆಡಿಸಿದೆ.

ಅಪ್ಪ, ಎಷ್ಟು ದಿನದಿಂದ?

ನಿಮ್ಮ ಮಗಳು


ಜೂನ್ ೨೧

ಮಗಳೇ,

ಎಡಗಿವಿ ರಿಟೈರ್ ಆಗುವ ಮುಂಚೆಯೇ ಹೋಗಿತ್ತು. ಬಲಗಿವಿ ಹೋದ ವರ್ಷ. ಮಿಷನ್ ಹಾಕಿಸಿದರು, ಅದರಲ್ಲಿ ಬರೀ ಗಾಳಿ ಬೀಸುತ್ತದೆ. ಮನೆಯಲ್ಲಿ ನಿನ್ನ ಅಣ್ಣನಿಗೆ, ಅತ್ತಿಗೆಗೆ ಮಾತ್ರ ಗೊತ್ತು. ನಿನಗೆ ಹೇಳಬೇಡಿ ಎಂದು ನಾನೇ ಆಣೆ ಹಾಕಿದ್ದೆ. ನೀನಾದರೂ ನನ್ನನ್ನು ಕಿವಿ ಮೇಸ್ತ್ರಿ ಅಂದುಕೊಂಡಿರಲಿ ಎಂದು.

ದನಿ ಇಲ್ಲದೆ ಕೇಳಿದೆ ಎಂದು ಬರೆದಿದ್ದೀ. ನನಗೆ ಅದು ಹೇಗೆ ತಿಳಿಯಬೇಕು? ಈಗ ಎಲ್ಲರೂ ನನ್ನೊಡನೆ ಹಾಗೆಯೇ ಮಾತಾಡುತ್ತಾರೆ.

ಸದ್ದು ಬರೆ ಎಂದದ್ದು ಮೋಸ ಮಾಡಲು ಅಲ್ಲ. ಓದಿದರೆ ತಲೆಯಲ್ಲಿ ಕೇಳಿಸುತ್ತದೆ ಅಂದುಕೊಂಡಿದ್ದೆ. ಸ್ಸ್ಸ್ ಓದಿದೆ, ಬುದ್ಧಿಯಿಂದ ಗೊತ್ತಾಯಿತು. ಗಲಗಲ ಓದಿದೆ. ಇಡೀ ದಿನ ಆ ನಾಲ್ಕು ಅಕ್ಷರ ನೋಡುತ್ತ ಕೂತೆ. ಅದು ಹೇಗಿರುತ್ತಿತ್ತು ಎಂದು ನೆನಪಾಗಲಿಲ್ಲ. ನಮ್ಮ ಬಸ್ಸಿನ ಎಂಜಿನ್ನಿನೊಳಗೆ ಚೈನು ಇರಲಿಲ್ಲ, ಹಲ್ಲುಚಕ್ರ ಇತ್ತು. ಚೈನಿನ ಯೋಚನೆಯೇ ಬರಲಿಲ್ಲ. ತಗಡು ಅಂದರೆ ಖರ್ಚಿಲ್ಲ. ನಿನ್ನ ದುಡ್ಡು ಉಳಿಯಲಿ ಎಂದು ತಗಡು ಎಂದು ಬರೆದೆ.

ಅವತ್ತು ಬೆಳಿಗ್ಗೆ ಹಿಡಿಯಲ್ಲಿ ನಡುಕ ಸಿಕ್ಕಿತು. ಬಹಳ ನಡುಕ. ಇದು ತಗಡಲ್ಲ ಎಂದು ಕೈಗೆ ಅನ್ನಿಸಿತು. ಆದರೆ ಕಣ್ಣು ಬಿಟ್ಟಾಗ ನೀನು ನನ್ನನ್ನು ನೋಡುತ್ತಿದ್ದ ರೀತಿ ಕಂಡು ಬಾಯಿಂದ ತಗಡೇ ಎಂದು ಬಂತು. ನೀನು ಸುಮ್ಮನಿದ್ದೆ ಎಂದು ಬರೆದಿದ್ದೀ. ನಾನೂ ಸುಮ್ಮನಿದ್ದೆ. ಇದನ್ನು ಅಳಿಯಂದಿರಿಗೆ ಹೇಳುವುದಾದರೆ ಹೇಳು.

ಸ್ಪ್ಯಾನರ್ ಸೆಟ್ಟು ಮಾರಿದೆ. ಅದರ ದುಡ್ಡು ನಿನ್ನ ಅಣ್ಣ ಕಳಿಸುತ್ತಾನೆ. ಒಂದು ಕಂತಿಗೂ ಸಾಲದು. ಸುತ್ತಿಗೆಯ ಹಿಡಿ ಯಾರಿಗೂ ಬೇಡ, ಪುಟ್ಟನಿಗೆ ಆಡಲು ಕಳಿಸುತ್ತೇನೆ.

ಇನ್ನು ಮೇಲೆ ಸದ್ದು ಬರೆಯಬೇಡ. ಬೇರೆ ಏನಾದರೂ ಬರೆ.

ಅಪ್ಪ


ಜುಲೈ ೩೧

ಅಪ್ಪ,

ಹಿಡಿ ಬಂತು. ಪುಟ್ಟ ಅದರ ನುಣುಪು ತುದಿಯನ್ನೇ ಬಾಯಿಗೆ ಹಾಕುತ್ತಾನೆ, ಹಲ್ಲು ಬರುತ್ತಿದೆ.

ಲ್ಯಾಬಿನ ಮೇಡಂ ಮಧ್ಯಾಹ್ನ ಫೋನ್ ಮಾಡಿದ್ದರು. ನಾಳೆಯಿಂದ ಬೇರೊಬ್ಬ ಹುಡುಗಿ ಬರುತ್ತಾಳಂತೆ. "ನಿನ್ನ ಕೋಟು ಇಲ್ಲೇ ಇದೆ, ಯಾವಾಗಲಾದರೂ ಬಂದು ತಗೊಂಡು ಹೋಗು" ಅಂದರು. ಅವಳಿಗೇ ಕೊಡಿ ಮೇಡಂ ಎಂದೆ.

ಇವರು ಈಗ ನಡೆದೇ ಮನೆ ತೋರಿಸುತ್ತಾರೆ, ಒಂದು ಕೋಣೆಯ ಮನೆಗಳು. ಮೊನ್ನೆ ಚಪ್ಪಲಿ ಹರಿಯಿತು. ಅವರಿಗೆ ನಾನು ಏನೂ ಹೇಳಿಲ್ಲ. ನಿಮ್ಮ ಮಾತೂ ಹೇಳಿಲ್ಲ, ನನ್ನದೂ ಹೇಳಿಲ್ಲ. ಮಾವನಿಗೆ ಸಿಟ್ಟು ಇಳಿಯಿತಾ ಎಂದು ಆಗಾಗ ಕೇಳುತ್ತಾರೆ.

ಕಾರು ಬಾಗಿಲ ಮುಂದೆಯೇ ಇದೆ. ನಾಲ್ಕು ಮೂಲೆಯ ಗಾಳಿಯೂ ಇಳಿದು ಹೊಟ್ಟೆ ನೆಲಕ್ಕೆ ತಾಗಿದೆ, ಬೆರಳು ತೂರುವುದಿಲ್ಲ, ಅಳೆಯುವುದನ್ನು ಬಿಟ್ಟಿದ್ದೇನೆ. ಟೈಲರ್ ಈಗ ಬಾಲದ ಬಾಡಿಗೆ ಕೇಳುವುದಿಲ್ಲ. ಆ ತಮಾಷೆಯನ್ನು ಅವರು ನಿಲ್ಲಿಸಿದ ದಿನ ನನಗೆ ಬಹಳ ಕಷ್ಟವಾಯಿತು.

ಪುಟ್ಟ ಬೇರೆಲ್ಲಿಯೂ ಮಲಗುವುದಿಲ್ಲ. ಸಂಜೆ ಗೋಡೆಯ ನೆರಳು ಬಿದ್ದ ಮೇಲೆ ಅವನನ್ನು ಎತ್ತಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತೇನೆ. ಗೋಡೆಯ ಕಡೆಯ ಬಾಗಿಲನ್ನು ಗಾಳಿಗೆ ಸ್ವಲ್ಪ ತೆರೆದಿಡುತ್ತೇನೆ. ಕೀ ತಿರುಗಿಸಿದಂತೆ ಮಾಡುತ್ತೇನೆ. ಆಮೇಲೆ ಬಾಯಲ್ಲಿ ಮಾಡುತ್ತೇನೆ. ಹೇಗೆ ಎಂದು ಬರೆಯುವುದಿಲ್ಲ, ಬೇಡವೆಂದಿದ್ದೀರಿ. ಮೊದಲ ಎರಡು ಕ್ಷಣದ್ದನ್ನು ಬಿಟ್ಟರೆ ಅವನು ಒಪ್ಪುವುದಿಲ್ಲ, ಮುಖ ನೋಡಿ ಅಳುತ್ತಾನೆ. ಅದನ್ನೂ ಸೇರಿಸಿ ಮಾಡಿದರೆ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಹೋಗುವವರಿಗೆ ಗಾಜಿನ ಹಿಂದೆ ನನ್ನ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಕೆಲವರು ನಿಂತು ನೋಡುತ್ತಾರೆ.

ನಿಲ್ಲಿಸಿದರೆ ಏಳುತ್ತಾನೆ. ಅದಕ್ಕೇ ಸ್ಟೀರಿಂಗಿನ ಮೇಲೆ ಕಾಗದ ಇಟ್ಟುಕೊಂಡು, ಬಾಯಲ್ಲಿ ಎಂಜಿನ್ ಓಡಿಸುತ್ತಲೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅದಕ್ಕೆ. ಈಗ ಮೂರನೇ ಗೇರಿನಲ್ಲಿದ್ದೇನೆ.

ನಿಮ್ಮ ಹಾರ್ನಮ್ಮ